ಲೈಸೆನ್ಸ್ ಬೇಡದ ಪಿಸ್ತೂಲು ನಿಜವಾಗಿಯೂ ಇದೆಯೇ? ಕೊಳ್ಳುವ ಮುನ್ನ, ಗುರಿ ಹಿಡಿಯುವ ಮುನ್ನ ತಿಳಿಯಬೇಕಾದ ಸಂಗತಿಗಳು

“ಲೈಸೆನ್ಸ್ ಬೇಡ, ಪೊಲೀಸರ ಕಾಟ ಇಲ್ಲ, ಕೆಲವೇ ಸಾವಿರಕ್ಕೆ ಪಿಸ್ತೂಲು ಮನೆ ಬಾಗಿಲಿಗೆ. ಕಳ್ಳರ ಭಯ ಇನ್ನಿಲ್ಲ!” ಈ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ಪೂರ್ತಿ ಸುಳ್ಳನ್ನು ಜನ ಬೇಗ ಗುರುತಿಸುತ್ತಾರೆ. ಇಂಥ ಅರ್ಧ ಸತ್ಯವೇ ಹಣ, ಕಣ್ಣು ಅಥವಾ ಜೈಲಿನ ರೂಪದಲ್ಲಿ ದುಬಾರಿಯಾಗುವುದು.

ಚುಟುಕಾಗಿ ಹೇಳುವುದಾದರೆ, ಭಾರತದಲ್ಲಿ ಸಾಮಾನ್ಯ ಮನುಷ್ಯ ಲೈಸೆನ್ಸ್ ಇಲ್ಲದೆ, ಕೈಗೆಟುಕುವ ಬೆಲೆಗೆ, ಕಾನೂನಿನ ಒಳಗೇ ಇಟ್ಟುಕೊಳ್ಳಬಹುದಾದ ಪಿಸ್ತೂಲು ಒಂದೇ: 0.177 ಇಂಚಿನ, ಅಂದರೆ 4.5 ಮಿ.ಮೀ. ಏರ್ ಪಿಸ್ತೂಲು. ಅದು ಗುರಿ ಕಲಿಯಲು ಇರುವ ಸಾಧನ. ಕಳ್ಳನನ್ನು ಎದುರಿಸುವ ಆಯುಧವೂ ಅಲ್ಲ, ಮಕ್ಕಳ ಆಟಿಕೆಯೂ ಅಲ್ಲ. ಒಂದೊಂದಾಗಿ ನೋಡೋಣ.

“ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ” ಎಂಬುದು ಎಷ್ಟು ನಿಜ?

ನಮ್ಮ ದೇಶದಲ್ಲಿ ಬಂದೂಕು, ಪಿಸ್ತೂಲು, ರಿವಾಲ್ವರ್ ಎಲ್ಲವೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿ ಬರುತ್ತವೆ. ಇದಕ್ಕೆ ಸಂಬಂಧಿಸಿದ 2016ರ ನಿಯಮಗಳು ಗಾಳಿಯ ಒತ್ತಡದಿಂದ ಹಾರಿಸುವ ಗನ್‌ಗಳಿಗೆ ಎರಡು ಮಿತಿ ಹಾಕಿವೆ. ನಳಿಕೆಯ ಒಳಸುತ್ತು 4.5 ಮಿ.ಮೀ. ಮೀರಬಾರದು, ನಳಿಕೆಯಿಂದ ಹೊರಬೀಳುವ ಪೆಲೆಟ್‌ನ ಶಕ್ತಿ 20 ಜೌಲ್ ದಾಟಬಾರದು. ಈ ಎರಡೂ ಮಿತಿಯೊಳಗೆ ಇದ್ದರೆ ಇಟ್ಟುಕೊಳ್ಳುವವರಿಗೆ ಲೈಸೆನ್ಸ್ ಬೇಕಿಲ್ಲ. ಒಂದನ್ನು ದಾಟಿದರೂ ಬೇಕು.

ಹಾಗೆಂದು ತರಕಾರಿ ಕೊಂಡಂತೆ ಕೊಳ್ಳುವ ವಸ್ತು ಇದಲ್ಲ. ಅಧಿಕೃತ ಮಾರಾಟಗಾರರು ಗುರುತಿನ ಚೀಟಿ ಮತ್ತು ವಿಳಾಸದ ದಾಖಲೆ ಕೇಳುತ್ತಾರೆ, ಬಿಲ್ ಕೊಡುತ್ತಾರೆ. ಆ ಬಿಲ್ ಜೋಪಾನವಾಗಿಡಿ. ನಿಮ್ಮ ಕೈಲಿರುವುದು ಯಾವ ಅಳತೆಯ, ಎಷ್ಟು ಶಕ್ತಿಯ ಪಿಸ್ತೂಲು ಎಂದು ನಾಳೆ ಯಾರಾದರೂ ಕೇಳಿದರೆ ತೋರಿಸಲು ಇರುವ ಆಧಾರ ಅದೇ. ದಾಖಲೆ ಕೇಳದೆ, ಬಿಲ್ ಕೊಡದೆ, “ಮೊದಲು ಅಡ್ವಾನ್ಸ್ ಹಾಕಿ, ಆಮೇಲೆ ಪಾರ್ಸೆಲ್” ಎನ್ನುವವರಿಂದ ದೂರವಿರಿ.

“ನಿಜವಾದ” ಪಿಸ್ತೂಲು ಏಕೆ ಅಗ್ಗವಲ್ಲ?

ಸಿಡಿಮದ್ದಿನ ಗುಂಡು ಹಾರಿಸುವ ಪಿಸ್ತೂಲು ಅಥವಾ ರಿವಾಲ್ವರ್ ಬೇಕೆಂದರೆ ದಾರಿಯೇ ಬೇರೆ. ಸಾಮಾನ್ಯವಾಗಿ 21 ವರ್ಷ ತುಂಬಿರಬೇಕು. ಜಿಲ್ಲೆಯಲ್ಲಿ ಜಿಲ್ಲಾ ದಂಡಾಧಿಕಾರಿ, ಬೆಂಗಳೂರಿನಂಥ ನಗರದಲ್ಲಿ ಪೊಲೀಸ್ ಕಮಿಷನರ್ ಅವರಿಗೆ ಅರ್ಜಿ ಹಾಕಬೇಕು. ಏಕೆ ಬೇಕು ಎಂಬುದಕ್ಕೆ ಕಾರಣ ಕೊಡಬೇಕು. ಪೊಲೀಸ್ ವರದಿ ಬರಬೇಕು, ಸುರಕ್ಷತಾ ತರಬೇತಿ ಪಡೆದಿರಬೇಕು, ಮನೆಯಲ್ಲಿ ಭದ್ರವಾಗಿಡುವ ವ್ಯವಸ್ಥೆ ತೋರಿಸಬೇಕು. ಅರ್ಜಿ ಹಾಕಿದವರಿಗೆಲ್ಲ ಸಿಗುತ್ತದೆ ಎಂಬ ಖಾತ್ರಿಯೂ ಇಲ್ಲ.

2019ರ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಮೊದಲು ಈ ಮಿತಿ ಮೂರಿತ್ತು. ಲೈಸೆನ್ಸ್ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ಸಿನಿಮಾದಲ್ಲಿ ಕಾಣುವ 9 ಮಿ.ಮೀ. ಪಿಸ್ತೂಲು ಸಾಮಾನ್ಯ ನಾಗರಿಕರಿಗೆ ನಿಷೇಧಿತ ವರ್ಗದಲ್ಲಿದೆ. ಹೆಚ್ಚಿನವರಿಗೆ ಸಿಗುವುದು 0.32 ಇಂಚಿನದು.

ಬೆಲೆಯ ಅಂದಾಜು ಬೇಕೆ? ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರ ಜನವರಿಯಲ್ಲಿ, ಮಹಿಳೆಯರಿಗೆಂದು ಹೇಳಿ, ಸುಮಾರು ಅರ್ಧ ಕಿಲೋ ತೂಕದ ‘ನಿರ್ಭೀಕ್’ ಎಂಬ 0.32 ರಿವಾಲ್ವರ್ ಹೊರತಂದಿತು. ಆಗಲೇ ಅದರ ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಅದರ ಮೇಲೆ ಗುಂಡಿನ ಖರ್ಚು. ಗುಂಡನ್ನೂ ಲೈಸೆನ್ಸ್‌ನಲ್ಲಿ ಬರೆದ ಲೆಕ್ಕಕ್ಕಿಂತ ಹೆಚ್ಚು ಕೊಳ್ಳುವಂತಿಲ್ಲ. ಹಾಗಾಗಿ ರಿವಾಲ್ವರ್ ಇದ್ದವರಲ್ಲೂ ಅನೇಕರಿಗೆ ಅದರಲ್ಲಿ ಅಭ್ಯಾಸ ಮಾಡಲು ಆಗುವುದೇ ಇಲ್ಲ.

“ಕಂಟ್ರಿ ಪಿಸ್ತೂಲು ಅಗ್ಗಕ್ಕೆ ಸಿಗುತ್ತದಂತೆ”

ಬಿಹಾರದ ಮುಂಗೇರ್ ಹೆಸರು ಹೇಳಿ ಹರಿದಾಡುವ ವಿಡಿಯೊಗಳನ್ನು ನೀವು ನೋಡಿರಬಹುದು. ಕಳ್ಳತನದಿಂದ ತಯಾರಾಗುವ ನಾಡ ಪಿಸ್ತೂಲು ಇಟ್ಟುಕೊಂಡರೂ ಅಪರಾಧ, ಮಾರಿದರೂ ಅಪರಾಧ. 2019ರ ತಿದ್ದುಪಡಿಯ ಪ್ರಕಾರ ಅಕ್ರಮವಾಗಿ ತಯಾರಿಸುವವರಿಗೆ, ಮಾರುವವರಿಗೆ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಇದೆ. ಕೊಂಡು ಇಟ್ಟುಕೊಂಡವರಿಗೂ ಜೈಲು ತಪ್ಪಿದ್ದಲ್ಲ.

ಕಾನೂನು ಪಕ್ಕಕ್ಕಿಟ್ಟರೂ ಇನ್ನೊಂದು ಅಪಾಯವಿದೆ. ಗುಂಡು ಸಿಡಿಯುವಾಗ ನಳಿಕೆಯೊಳಗೆ ಹುಟ್ಟುವ ಒತ್ತಡ ತಡೆಯಲು ಅದಕ್ಕೆಂದೇ ತಯಾರಾದ, ಪರೀಕ್ಷಿಸಿದ ಉಕ್ಕು ಬೇಕು. ಸಿಕ್ಕಿದ ಕಬ್ಬಿಣದ ಕೊಳವೆಯಲ್ಲಿ ಮಾಡಿದ್ದು ಹಾರಿಸಿದವನ ಕೈಯಲ್ಲೇ ಸಿಡಿಯಬಹುದು. ಏರ್ ಗನ್ ಅಥವಾ ಆಟಿಕೆ ಗನ್ ಅನ್ನು ಗುಂಡು ಹಾರುವಂತೆ ಮಾರ್ಪಡಿಸುವುದೂ ಇದೇ ಕಾಯ್ದೆಯಡಿ ಗಂಭೀರ ಅಪರಾಧ.

“ಕೊಡಗಿನಲ್ಲಿ ಯಾರು ಬೇಕಾದರೂ ಬಂದೂಕು ಇಟ್ಟುಕೊಳ್ಳಬಹುದು”

ತಪ್ಪು. ಬಂದೂಕಿಗೆ ಹೂ ಮುಡಿಸಿ ಕೈಲ್‌ಪೋಳ್ದ್ ಹಬ್ಬ ಆಚರಿಸುವ ಕೊಡವರಿಗೂ, ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ ಇರುವುದು ನಿಜ. ಬ್ರಿಟಿಷರ ಕಾಲದಿಂದ ಬಂದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಆದರೆ ಅದಕ್ಕೆ ಷರತ್ತುಗಳಿವೆ. ಕೊಡಗಿನಲ್ಲಿ ತೋಟ ಕೊಂಡವರಿಗೆ, ಮನೆ ಮಾಡಿದವರಿಗೆ, ಹೋಂಸ್ಟೇಗೆ ಬಂದವರಿಗೆ ಅದು ಅನ್ವಯಿಸುವುದಿಲ್ಲ.

“ಏರ್ ಪಿಸ್ತೂಲು ಇದ್ದರೆ ಕಳ್ಳರು ಓಡುತ್ತಾರೆ”

ಸ್ವಲ್ಪ ಲೆಕ್ಕ ಹಾಕೋಣ. ಏರ್ ಪಿಸ್ತೂಲಿನ ಪೆಲೆಟ್ ತೂಕ ಸುಮಾರು ಅರ್ಧ ಗ್ರಾಂ. ಸ್ಪರ್ಧೆಯ ಪಿಸ್ತೂಲಿನಿಂದ ಅದು ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಡುತ್ತದೆ. ಶಕ್ತಿ 5ರಿಂದ 6 ಜೌಲ್. 0.32 ರಿವಾಲ್ವರ್‌ನ ಗುಂಡಿನದು 100 ಜೌಲ್‌ಗೂ ಮೇಲೆ. ಆಕಾರದಲ್ಲಿ ಎರಡೂ ಅಣ್ಣತಮ್ಮಂದಿರಂತೆ ಕಂಡರೂ ಕೆಲಸದಲ್ಲಿ ಹೋಲಿಕೆಯೇ ಇಲ್ಲ.

ಅಂದರೆ ಕಳ್ಳನನ್ನು ಅದು ನಿಲ್ಲಿಸುವುದಿಲ್ಲ. ಆದರೆ ಕತ್ತಲಲ್ಲಿ ಅದನ್ನು ಕಂಡವನು ನಿಜವಾದ ಪಿಸ್ತೂಲು ಎಂದೇ ತಿಳಿದು ಮೊದಲೇ ಕೈಮಾಡಬಹುದು. ರಸ್ತೆಯಲ್ಲಿ ಕೈಯಲ್ಲಿ ಹಿಡಿದರೆ ಪೊಲೀಸರೂ ಹಾಗೇ ತಿಳಿಯುತ್ತಾರೆ. ಮನೆಯ ರಕ್ಷಣೆಗೆ ಗಟ್ಟಿ ಚಿಲಕ, ಹೊರಗೆ ಬೆಳಕು, ನೆರೆಯವರ ಫೋನ್ ನಂಬರ್ ಮತ್ತು 112 ಹೆಚ್ಚು ಉಪಯೋಗಕ್ಕೆ ಬರುತ್ತವೆ.

“ಅಷ್ಟು ಕಡಿಮೆ ಶಕ್ತಿ ಎಂದರೆ ಆಟಿಕೆಯೇ ತಾನೆ?”

ಅಲ್ಲವೇ ಅಲ್ಲ. 5 ಜೌಲ್ ಒಂದು ಕಣ್ಣನ್ನು ಶಾಶ್ವತವಾಗಿ ಕಳೆಯಲು ಸಾಕು. ಹತ್ತಿರದಿಂದ ಬಡಿದರೆ ಪೆಲೆಟ್ ಚರ್ಮ ಸೀಳಿ ಒಳಹೋಗುತ್ತದೆ. ಗುರಿ ತಪ್ಪಿದ ಪೆಲೆಟ್ ನೂರು ಮೀಟರ್ ಆಚೆಗೂ ಹಾರಬಲ್ಲದು. ಮಕ್ಕಳ ಕೈಗೆ ಕೊಟ್ಟು ರೀಲ್ಸ್ ಮಾಡಿಸುವವರು ಇದನ್ನು ನೆನಪಿಡಬೇಕು.

ಕೋತಿ, ನವಿಲು, ಪಾರಿವಾಳ ಓಡಿಸಲು ಏರ್ ಗನ್ ಬಳಸಿ ಎಂಬ ಸಲಹೆ ತೋಟದ ರೈತರ ಗುಂಪುಗಳಲ್ಲಿ ಓಡಾಡುತ್ತದೆ. ಗನ್‌ಗೆ ಲೈಸೆನ್ಸ್ ಬೇಡ ಎಂದ ಮಾತ್ರಕ್ಕೆ ಪ್ರಾಣಿಗೆ ಹೊಡೆಯಲು ಲೈಸೆನ್ಸ್ ಸಿಕ್ಕಿತು ಎಂದಲ್ಲ. ಕಾಡುಪ್ರಾಣಿ, ಪಕ್ಷಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಬೀದಿ ನಾಯಿಗೆ ಹೊಡೆದರೂ ಕೇಸು ಬೀಳುತ್ತದೆ.

ಹಾಗಾದರೆ ಏರ್ ಪಿಸ್ತೂಲು ಯಾಕೆ ಬೇಕು?

ಗುರಿ ಕಲಿಯಲು. ಒಲಿಂಪಿಕ್ಸ್‌ನ 10 ಮೀಟರ್ ಸ್ಪರ್ಧೆ ನಡೆಯುವುದೇ ಇದರಲ್ಲಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಇದರಲ್ಲೇ ಒಂದು ಕಂಚು, ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದಲ್ಲಿ ಇನ್ನೊಂದು ಕಂಚು ಗೆದ್ದರು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದೂ 10 ಮೀಟರ್ ಏರ್ ಪಿಸ್ತೂಲಿನಲ್ಲೇ.

ಬೆಲೆಯಲ್ಲಿ ಎರಡು ಲೋಕಗಳಿವೆ. ಸ್ಪ್ರಿಂಗ್‌ನಿಂದ ಕೆಲಸ ಮಾಡುವ ಸಾಧಾರಣ ದೇಶಿ ಪಿಸ್ತೂಲು ಕೆಲವು ಸಾವಿರಕ್ಕೆ ಸಿಗುತ್ತದೆ. ಸ್ಪರ್ಧೆಗೆ ಬಳಸುವ, ಒತ್ತಿಟ್ಟ ಗಾಳಿಯ ಸಿಲಿಂಡರ್ ಇರುವ ವಿದೇಶಿ ಪಿಸ್ತೂಲಿನ ಬೆಲೆ ಲಕ್ಷ ದಾಟುತ್ತದೆ. ಹೊಸಬರು ಎರಡನ್ನೂ ತಕ್ಷಣ ಕೊಳ್ಳಬೇಕಿಲ್ಲ. ಅನೇಕ ಶೂಟಿಂಗ್ ಕ್ಲಬ್‌ಗಳಲ್ಲಿ ಕಲಿಯುವವರಿಗೆ ಕ್ಲಬ್‌ನದೇ ಪಿಸ್ತೂಲು ಇರುತ್ತದೆ. ಎರಡು ಮೂರು ತಿಂಗಳು ಅದರಲ್ಲಿ ಕಲಿತರೆ ನಿಮಗೆ ಈ ಆಟ ಒಗ್ಗುತ್ತದೆಯೇ, ಯಾವ ಹಿಡಿ ನಿಮ್ಮ ಕೈಗೆ ಕೂರುತ್ತದೆ ಎಂಬುದು ಗೊತ್ತಾಗುತ್ತದೆ. ಹೊಸತನ್ನು ಕೊಂಡು ಬೀರುವಿನಲ್ಲಿ ಇಡುವುದಕ್ಕಿಂತ ಇದು ಅಗ್ಗ.

ಕೊಳ್ಳುವಾಗ ನೋಡಬೇಕಾದದ್ದು ಮೂರು. ಹಿಡಿ ಕೈಗೆ ಕೂರಬೇಕು. ಹಿಂದಿನ ಸೈಟ್ ಅನ್ನು ಮೇಲೆ ಕೆಳಗೆ, ಎಡ ಬಲ ಹೊಂದಿಸುವಂತಿರಬೇಕು. ಟ್ರಿಗರ್ ನುಣುಪಾಗಿ, ಪ್ರತಿ ಸಲವೂ ಒಂದೇ ರೀತಿ ಬಿಡಬೇಕು. ವೇಗ ಎಷ್ಟು ಎಂಬ ಜಾಹೀರಾತಿಗೆ ಮರುಳಾಗಬೇಡಿ. ಕಾಗದಕ್ಕೆ ತೂತು ಮಾಡಲು ವೇಗ ಬೇಕಿಲ್ಲ. ಪೆಲೆಟ್ ಕೊಳ್ಳುವಾಗ ಚಪ್ಪಟೆ ತಲೆಯದನ್ನೇ ಆರಿಸಿ. ಕಾಗದದಲ್ಲಿ ಅದು ದುಂಡಗೆ ಸ್ಪಷ್ಟ ತೂತು ಮಾಡುತ್ತದೆ, ಅಂಕ ಎಣಿಸಲು ಸುಲಭ.

“ಟರ್ಕಿಯ ಅಂಕಲ್ ಟೀ-ಶರ್ಟ್‌ನಲ್ಲಿ ಬಂದು, ಸುಮ್ಮನೆ ಹೊಡೆದು ಗೆದ್ದರು”

ಪ್ಯಾರಿಸ್‌ನಲ್ಲಿ ಸಾದಾ ಕನ್ನಡಕ ಹಾಕಿ, ಒಂದು ಕೈ ಜೇಬಿನಲ್ಲಿಟ್ಟು ಗುರಿ ಹಿಡಿದ ಯೂಸುಫ್ ದಿಕೆಚ್ ಅವರ ಫೋಟೊ ಜಗತ್ತಿನ ಎಲ್ಲ ಫೋನ್‌ಗಳಿಗೂ ಬಂತು. “ತರಬೇತಿ ಬೇಡ, ಉಪಕರಣ ಬೇಡ, ಪ್ರತಿಭೆ ಸಾಕು” ಎಂಬ ಅಡಿಬರಹವೂ ಜೊತೆಗೆ ಬಂತು.

ನಿಜ ಏನೆಂದರೆ, ಅದು ದಿಕೆಚ್ ಅವರ ಐದನೇ ಒಲಿಂಪಿಕ್ಸ್. 2008ರಿಂದ ಪ್ರತಿ ಒಲಿಂಪಿಕ್ಸ್‌ನಲ್ಲೂ ಅವರು ಸ್ಪರ್ಧಿಸಿದ್ದರು. ಕಿವಿಗೆ ಇಯರ್‌ಪ್ಲಗ್ ಹಾಕಿದ್ದರು. ಗೆದ್ದದ್ದು ಮಿಶ್ರ ತಂಡದ ಬೆಳ್ಳಿ, ಜೊತೆಗಾರ್ತಿ ಶೆವ್ವಾಲ್ ಇಲಾಯ್ದಾ ತರ್ಹಾನ್. ಕೈಯನ್ನು ಜೇಬಿನಲ್ಲಿಡುವುದು ಸ್ಟೈಲ್‌ಗಾಗಿ ಅಲ್ಲ. ಈ ಸ್ಪರ್ಧೆಯಲ್ಲಿ ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿಯಬೇಕು ಎಂಬುದು ನಿಯಮ. ಖಾಲಿ ಕೈ ಅಲುಗಿದರೆ ದೇಹವೂ ಅಲುಗುತ್ತದೆ, ಹಾಗಾಗಿ ಬಹುತೇಕ ಎಲ್ಲರೂ ಅದನ್ನು ಜೇಬಿಗೋ ಬೆಲ್ಟಿಗೋ ಸಿಕ್ಕಿಸುತ್ತಾರೆ. ಉಪಕರಣ ಕಡಿಮೆ ಇರಬಹುದು, ಅಭ್ಯಾಸ ಕಡಿಮೆ ಇರಲಿಲ್ಲ.

ಗುರಿಯ ಗುಟ್ಟು: ಕೈ ಅಲುಗಿದರೆ ಚಿಂತೆಯಿಲ್ಲ, ಸೈಟ್ ವಾಲಬಾರದು

ಹೊಸಬರ ಮೊದಲ ದೂರು “ನನ್ನ ಕೈ ನಡುಗುತ್ತದೆ” ಎಂಬುದು. ಎಲ್ಲರ ಕೈಯೂ ಅಲುಗುತ್ತದೆ, ಪದಕ ಗೆದ್ದವರದೂ. ಯಾವ ಅಲುಗಾಟ ಎಷ್ಟು ನಷ್ಟ ಮಾಡುತ್ತದೆ ಎಂದು ಲೆಕ್ಕ ಹಾಕಿದರೆ ಕಲಿಯಬೇಕಾದದ್ದು ಏನೆಂದು ತಿಳಿಯುತ್ತದೆ.

10 ಮೀಟರ್ ಟಾರ್ಗೆಟ್‌ನಲ್ಲಿ ಹತ್ತು ಅಂಕದ ವೃತ್ತದ ಅಗಲ 11.5 ಮಿ.ಮೀ. ಮಾತ್ರ. ಅಲ್ಲಿಂದ ಹೊರಕ್ಕೆ ಪ್ರತಿ 8 ಮಿ.ಮೀ.ಗೆ ಒಂದು ಅಂಕ ಕಡಿಮೆ. ಪೆಲೆಟ್ ಗೆರೆಗೆ ತಾಗಿದರೂ ಹೆಚ್ಚಿನ ಅಂಕವೇ ಸಿಗುತ್ತದೆ.

ಈಗ ನಿಮ್ಮ ಇಡೀ ಕೈ, ಪಿಸ್ತೂಲಿನ ಸಮೇತ, ನೇರವಾಗಿಯೇ 5 ಮಿ.ಮೀ. ಪಕ್ಕಕ್ಕೆ ಸರಿಯಿತು ಎಂದುಕೊಳ್ಳಿ. ಪೆಲೆಟ್ ಕೂಡ 5 ಮಿ.ಮೀ. ಮಾತ್ರ ಪಕ್ಕಕ್ಕೆ ಬೀಳುತ್ತದೆ. ಅದು ಇನ್ನೂ ಹತ್ತೇ!

ಬದಲಿಗೆ ಮಣಿಕಟ್ಟು ತುಸು ತಿರುಗಿ, ಮುಂದಿನ ಸೈಟ್ ಹಿಂದಿನ ಸೈಟ್‌ನ ಕಚ್ಚಿನ ಮಧ್ಯದಿಂದ ಬರೀ 1 ಮಿ.ಮೀ. ವಾಲಿತು ಎಂದುಕೊಳ್ಳಿ. ಎರಡು ಸೈಟ್‌ಗಳ ನಡುವಿನ ದೂರ ಸುಮಾರು 33 ಸೆಂ.ಮೀ. ಇದ್ದರೆ 10 ಮೀಟರ್‌ನಲ್ಲಿ ಆ ತಪ್ಪು 30 ಪಟ್ಟು ದೊಡ್ಡದಾಗುತ್ತದೆ. ಪೆಲೆಟ್ 3 ಸೆಂ.ಮೀ. ದೂರ ಬಿದ್ದು ಅಂಕ ಏಳಕ್ಕೆ ಇಳಿಯುತ್ತದೆ. ಇದರಿಂದ ಮೂರು ಪಾಠ ಸಿಗುತ್ತವೆ.

ಮೊದಲನೆಯದು, ಕಣ್ಣು ಇರಬೇಕಾದದ್ದು ಟಾರ್ಗೆಟ್ ಮೇಲಲ್ಲ, ಮುಂದಿನ ಸೈಟ್ ಮೇಲೆ. ಕಣ್ಣು ಒಂದೇ ಸಲಕ್ಕೆ ಎರಡು ದೂರವನ್ನು ಸ್ಪಷ್ಟವಾಗಿ ನೋಡಲಾರದು. ಮುಂದಿನ ಸೈಟ್ ಚೂಪಾಗಿ ಕಾಣಲಿ, ಕಪ್ಪು ವೃತ್ತ ಮಸುಕಾಗಿರಲಿ. ಮುಂದಿನ ಸೈಟ್‌ನ ನೆತ್ತಿ ಹಿಂದಿನದರ ನೆತ್ತಿಗೆ ಸಮವಾಗಿ, ಎರಡೂ ಬದಿಯ ಬೆಳಕಿನ ಸಂದು ಒಂದೇ ಅಗಲವಾಗಿ ಇರಬೇಕು.

ಎರಡನೆಯದು, ಟ್ರಿಗರ್ ಎಳೆಯುವುದಲ್ಲ, ಒತ್ತುವುದು. ಸ್ಪರ್ಧೆಯ ನಿಯಮದಲ್ಲಿ ಟ್ರಿಗರ್‌ಗೆ ಕನಿಷ್ಠ 500 ಗ್ರಾಂ ಭಾರವಿರಬೇಕು. ಆ ಭಾರವನ್ನು ಬೆರಳು ಮೆಲ್ಲಗೆ, ನೇರ ಹಿಂದಕ್ಕೆ, ನಿಲ್ಲಿಸದೆ ಹೆಚ್ಚಿಸುತ್ತ ಹೋಗಬೇಕು. “ಈಗ ಸರಿಯಾಗಿ ಕಂಡಿತು, ಹೊಡೆದುಬಿಡೋಣ” ಎಂದು ಬೆರಳನ್ನು ಚಿಮ್ಮಿಸಿದ ಕ್ಷಣವೇ ಮಣಿಕಟ್ಟು ವಾಲುತ್ತದೆ. ಬಲಗೈಯವರ ಪೆಲೆಟ್‌ಗಳು ಪದೇ ಪದೇ ಎಡಕ್ಕೆ ಕೆಳಗೆ ಬೀಳುತ್ತಿದ್ದರೆ ಹೆಚ್ಚಾಗಿ ಕಾರಣ ಇದೇ. ಪಿಸ್ತೂಲು ಬದಲಿಸಿದರೆ ಸರಿಹೋಗುವುದಿಲ್ಲ.

ಮೂರನೆಯದು, ಹಿಡಿತ ಪ್ರತಿ ಸಲವೂ ಒಂದೇ ಬಿಗಿಯಲ್ಲಿರಬೇಕು. ಗಟ್ಟಿಯಾಗಿ ಕೈಕುಲುಕುವಷ್ಟು ಸಾಕು. ಬೆರಳಗಂಟು ಬಿಳಿಚುವಷ್ಟು ಹಿಂಡಿದರೆ ನಡುಕ ಹೆಚ್ಚುತ್ತದೆ.

“ಉಸಿರು ಬಿಗಿಹಿಡಿದಷ್ಟೂ ಗುರಿ ಚೆನ್ನ”

ಸಿನಿಮಾದ ಪ್ರಭಾವ ಇದು. ಉಸಿರಾಡುವಾಗ ಎದೆ, ಭುಜ ಏಳುತ್ತ ಇಳಿಯುತ್ತವೆ, ಹಾಗಾಗಿ ಹೊಡೆಯುವ ಹೊತ್ತಿಗೆ ಉಸಿರು ನಿಲ್ಲಿಸುವುದು ಸರಿ. ಆದರೆ ಎದೆತುಂಬ ಎಳೆದುಕೊಂಡು ಅಲ್ಲ; ಅರ್ಧದಷ್ಟು ಹೊರಬಿಟ್ಟು. ಏಳೆಂಟು ಸೆಕೆಂಡು ಕಳೆದ ಮೇಲೆ ಸ್ನಾಯು ಸೋಲುತ್ತದೆ, ಕಣ್ಣು ಮಂಜಾಗುತ್ತದೆ, ನಡುಕ ಏರುತ್ತದೆ. ಅಷ್ಟರಲ್ಲಿ ಹೊಡೆಯಲಾಗದಿದ್ದರೆ ಕೈ ಇಳಿಸಿ, ಉಸಿರಾಡಿ, ಮತ್ತೆ ಎತ್ತಿ. ಇದರಲ್ಲಿ ಸೋಲೇನೂ ಇಲ್ಲ. ಸ್ಪರ್ಧೆಯಲ್ಲಿ 60 ಹೊಡೆತಕ್ಕೆ 75 ನಿಮಿಷ ಕೊಡುವುದೇ ಇಂಥ ತಾಳ್ಮೆಗೆ ಜಾಗ ಇರಲಿ ಎಂದು.

ಪೆಲೆಟ್ ಹಾರಿದ ಮೇಲೂ ಒಂದೆರಡು ಸೆಕೆಂಡು ಸೈಟ್ ನೋಡುತ್ತ ಹಾಗೇ ನಿಲ್ಲಿ. ಎಲ್ಲಿ ಬಿತ್ತೆಂದು ನೋಡಲು ಅವಸರದಿಂದ ತಲೆ ಎತ್ತುವವರು ಪೆಲೆಟ್ ನಳಿಕೆ ಬಿಡುವ ಮುನ್ನವೇ ಕೈ ಕದಲಿಸಿರುತ್ತಾರೆ.

ಖರ್ಚಿಲ್ಲದೆ ಅಭ್ಯಾಸ

ಸ್ಪರ್ಧೆಯ ಪಿಸ್ತೂಲಿನ ತೂಕ ಸುಮಾರು ಒಂದು ಕಿಲೋ. ಒಂದು ಲೀಟರ್ ನೀರಿನ ಬಾಟಲಿಯ ತೂಕವೂ ಅಷ್ಟೇ. ಪಕ್ಕಕ್ಕೆ ತಿರುಗಿ ನಿಂತು, ತೋಳು ಚಾಚಿ, ಬಾಟಲಿಯನ್ನು 10 ಸೆಕೆಂಡು ಹಿಡಿದು ಇಳಿಸಿ. ದಿನಕ್ಕೆ ಹತ್ತು ಸಲ ಸಾಕು. ಭುಜ ನೋವಿದ್ದವರು ಅರ್ಧ ಲೀಟರ್‌ನಿಂದ ಶುರು ಮಾಡಲಿ.

ಖಾಲಿ ಪಿಸ್ತೂಲನ್ನು ಬಿಳಿ ಗೋಡೆಯ ಕಡೆ ಹಿಡಿದು ಸೈಟ್ ಮಾತ್ರ ನೋಡುವುದು ಇನ್ನೊಂದು ಅಭ್ಯಾಸ. ಒಂದು ಎಚ್ಚರಿಕೆ: ಸ್ಪ್ರಿಂಗ್ ಪಿಸ್ತೂಲನ್ನು ಎಳೆದು ಸಜ್ಜು ಮಾಡಿ, ಪೆಲೆಟ್ ಇಲ್ಲದೆ ಹಾರಿಸಬೇಡಿ. ಎದುರು ತಡೆಯಿಲ್ಲದೆ ಪಿಸ್ಟನ್ ಬಡಿದು ಒಳಗಿನ ಸೀಲ್ ಹಾಳಾಗುತ್ತದೆ.

ನಿಜವಾಗಿ ಹೊಡೆಯುವಾಗ ಐದೈದು ಪೆಲೆಟ್‌ನ ಗುಂಪು ಮಾಡಿ. ಮೊದಲು ಐದೂ ಒತ್ತೊತ್ತಾಗಿ ಬೀಳಲಿ, ಎಲ್ಲಾದರೂ ಸರಿ. ಅದಾದ ಮೇಲೆ ಹಿಂದಿನ ಸೈಟ್ ತಿರುಗಿಸಿ ಗುಂಪನ್ನು ಮಧ್ಯಕ್ಕೆ ತನ್ನಿ. ಒಂದೊಂದು ಹೊಡೆತಕ್ಕೂ ಸೈಟ್ ತಿರುಗಿಸುವವರು ಎಂದೂ ಮಧ್ಯ ಮುಟ್ಟುವುದಿಲ್ಲ.

ಮೀರಬಾರದ ನಿಯಮಗಳು

ಖಾಲಿ ಎಂದು ಗೊತ್ತಿದ್ದರೂ ತುಂಬಿದೆ ಎಂದೇ ಹಿಡಿಯಿರಿ. ನಳಿಕೆ ಯಾವಾಗಲೂ ಟಾರ್ಗೆಟ್ ಕಡೆಗೇ ಇರಲಿ, ತಮಾಷೆಗೂ ಮನುಷ್ಯರ ಕಡೆ ತಿರುಗಬಾರದು. ಹೊಡೆಯಲು ಸಿದ್ಧವಾಗುವವರೆಗೆ ಬೆರಳು ಟ್ರಿಗರ್‌ನಿಂದ ಹೊರಗಿರಲಿ. ಟಾರ್ಗೆಟ್ ಹಿಂದೆ ಏನಿದೆ, ಯಾರು ಬರಬಹುದು ಎಂದು ನೋಡಿಕೊಳ್ಳಿ.

ಟಾರ್ಗೆಟ್ ಅನ್ನು ನೇರ ಗೋಡೆಗೆ ಅಂಟಿಸಬೇಡಿ, ಪೆಲೆಟ್ ಪುಟಿದು ಬರುತ್ತದೆ. ಅದಕ್ಕೆಂದೇ ಇರುವ ಲೋಹದ ಪೆಟ್ಟಿಗೆ ಬಳಸಿ. ಹೊಡೆಯುವವರು, ನೋಡುವವರು ಎಲ್ಲರೂ ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಲಿ. ಮಹಡಿ, ಬಾಲ್ಕನಿ, ಬೀದಿಗೆ ತೆರೆದ ಅಂಗಳ ಇದಕ್ಕೆ ಜಾಗವಲ್ಲ. ಪೆಲೆಟ್ ಸೀಸದ್ದು: ಬಾಯಲ್ಲಿ ಇಟ್ಟುಕೊಳ್ಳಬೇಡಿ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಏನೂ ತಿನ್ನಬೇಡಿ. ಪಿಸ್ತೂಲು ಒಂದು ಕಡೆ, ಪೆಲೆಟ್ ಇನ್ನೊಂದು ಕಡೆ, ಎರಡಕ್ಕೂ ಬೀಗ. ಒಯ್ಯುವಾಗ ಮುಚ್ಚಿದ ಪೆಟ್ಟಿಗೆಯಲ್ಲಿ, ಬಿಲ್ ಸಮೇತ ಒಯ್ಯಿರಿ.

ಮದುವೆ, ಜಾತ್ರೆಯಲ್ಲಿ ಲೈಸೆನ್ಸ್ ಇರುವ ಬಂದೂಕನ್ನು ಗಾಳಿಗೆ ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೂ 2 ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಮೇಲಕ್ಕೆ ಹೋದ ಗುಂಡು ಯಾರದೋ ತಲೆಯ ಮೇಲೆ ಇಳಿಯಲೇಬೇಕು.

ಫಾರ್ವರ್ಡ್ ಮಾಡುವ ಮುನ್ನ

“ಲೈಸೆನ್ಸ್ ಬೇಡದ ಪಿಸ್ತೂಲು” ಎಂಬ ಸಂದೇಶ ಮತ್ತೆ ಬಂದರೆ ಮೂರು ಪ್ರಶ್ನೆ ಕೇಳಿ. ಅಳತೆ 4.5 ಮಿ.ಮೀ. ಒಳಗೆ, ಶಕ್ತಿ 20 ಜೌಲ್ ಒಳಗೆ ಇದೆಯೇ? ಬಿಲ್ ಕೊಡುವ ಅಧಿಕೃತ ಅಂಗಡಿಯೇ? ಕೊಳ್ಳುವವರಿಗೆ ಬೇಕಿರುವುದು ಗುರಿಯ ಆಟವೋ, ಯಾರನ್ನಾದರೂ ಹೆದರಿಸುವ ಹುಮ್ಮಸ್ಸೋ? ಮೊದಲ ಎರಡಕ್ಕೆ ಹೌದು ಎಂದು ಉತ್ತರ ಬಂದು, ಬೇಕಿರುವುದು ಗುರಿಯ ಆಟವೇ ಆಗಿದ್ದರೆ, ಹತ್ತಿರದ ಶೂಟಿಂಗ್ ಕ್ಲಬ್‌ಗೆ ಹೋಗಿ ಒಮ್ಮೆ ಹೊಡೆದು ನೋಡಲು ಹೇಳಿ. ಇಲ್ಲದಿದ್ದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ನಿಲ್ಲಲಿ.